ಕತ್ತಿ, ಈಟಿ, ಕಠಾರಿ ಮತ್ತು ಒಂದು ಕೌದಿ

ರಜಪೂತನಿಗೂ ಸಮುರಾಯಿಗೂ ಕಾಳಗ ಬಿದ್ದರೆ ಯಾರು ಗೆಲ್ತಾರೆ ಅಂತ ನನ್ನ ಶೆಡ್ಡಿಗೆ ಬರುವ ಹುಡುಗರು ಕೇಳುತ್ತಲೇ ಇರುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಕುದುರೆ, ನೆಲ, ಜೊತೆಗಿದ್ದ ಜನ ಎಲ್ಲವನ್ನೂ ಬಿಟ್ಟು ಇಬ್ಬರನ್ನೇ ಎದುರುಬದುರು ನಿಲ್ಲಿಸಿದರೆ ಅದು ಕುಸ್ತಿ, ಯುದ್ಧ ಅಲ್ಲ. ಆದರೆ ಇಂಥ ಅಲಗು ಇಂಥ ಕವಚವನ್ನು ದಾಟುತ್ತದಾ ಇಲ್ವಾ ಅನ್ನೋದನ್ನು ಅಳೆದು ನೋಡಬಹುದು. ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಭಾನುವಾರ ಕೆಲಸ ಇರಲ್ಲ. ಅಲ್ಲೇ ಶುರು ಮಾಡಿದೆ.

ಕೈಯಿಂದ ಬೀಸಿ ಹೋಲಿಸೋದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಬೆಳಿಗ್ಗೆ ಇದ್ದ ತೋಳಿನ ಬಲ ಮಧ್ಯಾಹ್ನ ಇರಲ್ಲ. ಎರಡು ಪೈಪು ನೆಟ್ಟು, ಅವುಗಳ ಮೇಲೆ ಜಾರುವ ತೂಕಕ್ಕೆ ಅಲಗು ಬಿಗಿದು ಮೇಲಿಂದ ಬಿಡುವ ಚೌಕಟ್ಟು ಮಾಡಿಕೊಂಡೆ. 5 ಕೆಜಿ ತೂಕ 1 ಮೀಟರ್ ಎತ್ತರದಿಂದ ಬಿದ್ದರೆ ಹೊಡೆತದ ಶಕ್ತಿ ಸುಮಾರು 49 ಜೂಲ್. 10 ಕೆಜಿಯನ್ನು 1.5 ಮೀಟರಿನಿಂದ ಬಿಟ್ಟರೆ 147. ಹೋಲಿಕೆಗೆ ಹೇಳೋದಾದರೆ, 60 ಗ್ರಾಮಿನ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಂದರೆ 75 ಜೂಲ್.

ಮೈ ಬದಲಿಗೆ ಕೆಳಗಿಟ್ಟಿದ್ದು ಕುಂಬಾರರಿಂದ ತಂದ ಹದವಾದ ಜೇಡಿಮಣ್ಣು. ಪೊಲೀಸರ ಗುಂಡು ತಡೆಯುವ ಜಾಕೆಟ್ ಪರೀಕ್ಷಿಸುವಾಗಲೂ ಹಿಂದೆ ಮೆತ್ತನೆಯ ಮಣ್ಣನ್ನೇ ಇಡುತ್ತಾರೆ. ಗುಂಡು ದಾಟದಿದ್ದರೂ ಮಣ್ಣಿನಲ್ಲಿ 44 ಮಿಮೀಗಿಂತ ಆಳದ ತಗ್ಗು ಬಿದ್ದರೆ ಅಮೆರಿಕದ ಮಾನದಂಡದಲ್ಲಿ ಆ ಜಾಕೆಟ್ ಫೇಲ್. ನನ್ನ ಮಣ್ಣು ಅವರದ್ದಲ್ಲ, ಆದರೆ ತಗ್ಗಿನ ಆಳ ಅಳೆಯುವ ಉಪಾಯ ಅವರದ್ದೇ.

ಇನ್ನು ಬಳೆ ಕವಚ, ಅಂದರೆ ಸಣ್ಣ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಹೆಣೆದು ಮಾಡಿದ ಅಂಗಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಬಳೆಗಳ ತುದಿಯನ್ನು ಸುಮ್ನೆ ಕೂಡಿಸಿರುತ್ತಾರೆ. ಇಂಥ ಕವಚ ಹರಿದು ತೋರಿಸಿ "ನೋಡಿ, ಈಟಿ ಗೆದ್ದಿತು" ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಹಳೆಯ ಕವಚಗಳಲ್ಲಿ ಸಾಮಾನ್ಯವಾಗಿ ಬಳೆಯ ತುದಿಗಳಿಗೆ ರಿವಿಟ್ ಹೊಡೆದಿರುತ್ತಿತ್ತು. ಒಂದು ಅಂಗೈ ಅಗಲದ ತುಂಡಿಗೆ ನಾನೇ ರಿವಿಟ್ ಹೊಡೆದೆ. ಕಣ್ಣು ಉರಿ ಬಂತು! ಆದರೆ ವ್ಯತ್ಯಾಸ ಅಜಗಜಾಂತರ. 49 ಜೂಲಿಗೆ ಕೂಡಿಸಿದ ಬಳೆಗಳು ಬಾಯಿ ಬಿಟ್ಟವು. ರಿವಿಟ್ ಹೊಡೆದವು ಸೊಟ್ಟಗಾದವು, ಬಿಚ್ಚಲಿಲ್ಲ.

ಕತ್ತಿಯ ಬಾಯಿ ಆ ಕವಚವನ್ನು ಕಡಿಯಲೇ ಇಲ್ಲ. 147 ಜೂಲಿಗೂ ಅಷ್ಟೇ. ಹಾಗಂತ ಕವಚ ತೊಟ್ಟವನು ಉಳಿದ ಅಂತಲ್ಲ. ಮಣ್ಣಿನಲ್ಲಿ ಉದ್ದಕ್ಕೆ ಆಳವಾದ ಗೀರು ಬಿದ್ದಿತ್ತು. ಮಣ್ಣಿನ ಜಾಗದಲ್ಲಿ ಕೊರಳೆಲುಬು ಇದ್ದಿದ್ದರೆ ಅದು ಮುರಿದೇ ಹೋಗುತ್ತಿತ್ತು.

ಅಲ್ಲಿಗೆ ಕೌದಿ ಬಂತು. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಒತ್ತಾಗಿ ಹೊಲಿದುಕೊಡಲು ಪಕ್ಕದ ಮನೆಯ ಅಜ್ಜಿಗೆ ಹೇಳಿದೆ. "ಇದನ್ನ ಯಾರ್ ಹೊಚ್ಚಿಕೊಳ್ಳೋರಪಾ, ಇಷ್ಟ್ ಬಿರುಸಾಗೈತಿ?" ಅಂದರು. ನನಗೆ ಬೇಕಾಗಿದ್ದೂ ಆ ಬಿರುಸೇ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ ಡೊಮಿಂಗೊ ಪೇಸ್, ಅಲ್ಲಿನ ಸೈನಿಕರು ತೊಡುತ್ತಿದ್ದ ಪದರದ ದಪ್ಪ ಅಂಗಿಗಳ ಬಗ್ಗೆ ಬರೆದಿದ್ದಾನೆ. ಬಳೆಯ ಕೆಳಗೆ ಈ ಕೌದಿ ಹಾಕಿದ ಮೇಲೆ ಅದೇ ಕತ್ತಿ, ಅದೇ ಎತ್ತರ, ಆದರೆ ತಗ್ಗು ಅರ್ಧಕ್ಕಿಂತ ಕಡಿಮೆ. ಕಬ್ಬಿಣ ಬಾಯನ್ನು ತಡೆಯುತ್ತದೆ, ಪೆಟ್ಟನ್ನು ನುಂಗೋದು ಬಟ್ಟೆ. ಹೋಲಿಕೆ ಪಟ್ಟಿಗಳಲ್ಲಿ ಈ ಬಟ್ಟೆಯನ್ನೇ ಯಾರೂ ಬರೆಯಲ್ಲ.

ಚುಚ್ಚುವ ಅಲಗಿನ ಕಥೆ ಬೇರೆ. ಅಗಲ ಎಲೆಯಂಥ ಈಟಿ ಬಳೆಗಳಲ್ಲಿ ಸಿಕ್ಕಿಕೊಂಡಿತು. ತುದಿ ದಪ್ಪ ಮಾಡಿದ ಕಠಾರಿ 147 ಜೂಲಿಗೆ ಬಳೆ ಒಡೆದು, ಕೌದಿಯನ್ನೂ ದಾಟಿ ಮಣ್ಣು ಮುಟ್ಟಿತು. ಕಠಾರಿಯ ಹಿಡಿ ಅಡ್ಡಕ್ಕಿರುತ್ತದಲ್ಲ, ಗುದ್ದಿದರೆ ಭುಜದ ಬಲವೆಲ್ಲ ನೇರ ತುದಿಗೆ ಹೋಗುತ್ತದೆ. ಆದರೆ ಬರಿಗೈಯ ಗುದ್ದಿನಲ್ಲಿ ಅಷ್ಟು ಜೂಲ್ ಬರೋದು ಕಷ್ಟ. ಓಡುವ ಕುದುರೆಯ ಮೇಲಿನ ಭಲ್ಲೆಗೆ ಅದು ದೊಡ್ಡ ಮಾತಲ್ಲ.

ಗದಗಿನ ಕಮ್ಮಾರ ಕಾಕಾ ಒಬ್ಬರು ನನ್ನ ಚೌಕಟ್ಟು ನೋಡಿ ಸರಿಯಾಗೇ ತಕರಾರು ತೆಗೆದರು. "ತಮ್ಮಾ, ಬಾಗಿದ ಕತ್ತಿ ಬೀಳಸಾಕಲ್ಲ, ಎಳೆಯಾಕ." ನಿಜ. ತಲವಾರಿನ ಬಾಗು ಇರೋದೇ ಎಳೆದು ಕೊಯ್ಯಲಿಕ್ಕೆ. ಬಾಳೆದಿಂಡಿನ ಮೇಲೆ ಅವರು ಎಳೆದು ತೋರಿಸಿದ್ದನ್ನು ನನ್ನ ಪೈಪು ಯಾವತ್ತೂ ಮಾಡಲಾರದು. ಬರಿಮೈಯವನ ಎದುರು ಅದಕ್ಕಿಂತ ಒಳ್ಳೆ ಆಯುಧ ಇಲ್ಲ ಅನ್ನಿಸಿತು. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಎಷ್ಟೋ ವೀರರು ಬರಿಮೈಯವರೇ, ಕೈಯಲ್ಲಿ ಗುರಾಣಿ ಅಷ್ಟೇ. ಸುಮಾರು 10 ಕೆಜಿಯ ಬಳೆ ಅಂಗಿ, ಕೆಳಗೆ ಕೌದಿ, ಮೇ ತಿಂಗಳ ಬಿಸಿಲು: ಯೋಚಿಸಿದರೆ ಅವರ ಲೆಕ್ಕವೂ ತಪ್ಪಲ್ಲ ಅನ್ನಿಸುತ್ತದೆ.

ಗುರಾಣಿಯನ್ನು ಮಾತ್ರ ಇನ್ನೂ ಅಳೆದಿಲ್ಲ. ಹಿಡಿದವನು ಅದನ್ನು ಓರೆ ಮಾಡಿ ಪೆಟ್ಟು ಜಾರಿಸುತ್ತಾನೆ. ನನ್ನ ತೂಕ ನೆಟ್ಟಗೇ ಬೀಳುತ್ತದೆ. ಅದಕ್ಕೇ ಈಗ ಕೆಳಗಿನ ಹಲಗೆಗೆ ಬೇಕಾದಷ್ಟು ವಾಲಿಸಬಹುದಾದ ಕೀಲು ಕೂಡಿಸುತ್ತಿದ್ದೇನೆ.