ಎರಡನೇ ಕ್ಯಾನ್ಸರ್ ಹಿಡಿದುಕೊಟ್ಟ ನೀಲಿ ಬಣ್ಣ

ಬದಿಯಡ್ಕದ ಹತ್ತಿರ ನನ್ನ ಹಲ್ಲಿನ ಕ್ಲಿನಿಕ್. ಅಡಿಕೆ ತೋಟದ ಊರು. ಹಿರಿಯರಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಹಾಕದ ಬಾಯಿ ಕಡಿಮೆ. ಒಮ್ಮೆ ಕ್ಯಾನ್ಸರ್ ಆದ ಬಾಯಲ್ಲಿ ಬೇರೆಯೇ ಇನ್ನೊಂದು ಹುಟ್ಟಬಹುದು ಅಂತ ನಮ್ಮಂಥ ಹಲ್ಲಿನ ಡಾಕ್ಟರುಗಳಿಗೆಲ್ಲ ಗೊತ್ತು, ಅಲ್ವಾ? ಆದರೂ ನಾವು ಜಾಸ್ತಿ ನೋಡುವುದು ಹಳೆಯ ಆಪರೇಷನ್ ಜಾಗವನ್ನೇ. ಆರು ವರ್ಷದ ಹಿಂದೆ ನಾನು ಇಂಥವರ ಇಡೀ ಬಾಯಿಗೆ ಟೊಲುಯಿಡಿನ್ ಬ್ಲೂ, ಅಂದರೆ ಕ್ಯಾನ್ಸರ್ ಸಂಶಯದ ಜಾಗದಲ್ಲಿ ಮುಕ್ಕಳಿಸಿದರೂ ಉಳಿಯುವ ನೀಲಿ ಬಣ್ಣ, ಹಚ್ಚಿ ನೋಡಲು ಶುರು ಮಾಡಿದೆ. "ಸುಮ್ನೆ ಬಾಯಿ ನೀಲಿ ಮಾಡ್ತೀರಿ" ಎಂದರು ಗೆಳೆಯರು.

ಮೊದಲ ವರ್ಷ ಅವರು ಹೇಳಿದ್ದೇ ನಿಜವಾಯಿತು. ಸೆಟ್ ಹಲ್ಲು ತಾಗಿದ ಹುಣ್ಣು, ಚೂಪು ಹಲ್ಲು ತರಚಿದ ಗಾಯ, ಎಲ್ಲವೂ ಬಣ್ಣ ಹಿಡಿದವು. ಐದಾರು ಬಯಾಪ್ಸಿ, ಅಂದರೆ ಸಣ್ಣ ತುಂಡು ತೆಗೆದು ಮಾಡುವ ಪರೀಕ್ಷೆ, ದಂಡವಾಯಿತು. ಒಂದಕ್ಕೆ ಸಾವಿರ, ಸಾವಿರದಿನ್ನೂರು. ರೋಗಿಗಳ ಹತ್ತಿರ ಕೇಳಲು ಮನಸ್ಸು ಬಾರದೆ ನಾನೇ ಕೊಟ್ಟೆ. ಆಮೇಲೆ ಕ್ರಮ ಬದಲಿಸಿದೆ. ಮೊದಲು ಚೂಪು ಹಲ್ಲು ಉಜ್ಜಿ, ಎರಡು ವಾರ ಬಿಟ್ಟು ಮತ್ತೆ ಬಣ್ಣ. ಆಗಲೂ ನೀಲಿ ಉಳಿದರೆ ಮಾತ್ರ ಬಯಾಪ್ಸಿ. ಬಣ್ಣ ಹಿಡಿಯದಿದ್ದರೂ ಕಣ್ಣಿಗೆ ಸಂಶಯ ಬಂದರೆ ಬಿಡುವುದಿಲ್ಲ.

ನಡುವೆ ಲುಗೋಲ್ ಅಯೋಡಿನ್ ಕೂಡ ನೋಡಿದೆ. ಅದು ಒಳ್ಳೆಯ ಪೊರೆಯನ್ನು ಕಂದು ಮಾಡುತ್ತದೆ, ಕೆಟ್ಟ ಜಾಗ ಬಣ್ಣ ಹಿಡಿಯದೆ ಉಳಿಯುತ್ತದೆ. ಆದರೆ ವಸಡು, ಅಂಗುಳ ಮೊದಲೇ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಅಡಿಕೆ ತಿಂದು ದಪ್ಪಗಾದ ಬಿಳಿ ಮಚ್ಚೆಗಳೂ ಹಾಗೆಯೇ. ಬಿಟ್ಟೆ. ಬಾಯೊಳಗೆ ನೋಡಲು ತಂದ ಹದಿನಾಲ್ಕು ಸಾವಿರದ ಕ್ಯಾಮೆರಾ ಉಸಿರಿಗೆ ಮಂಜಾಗುತ್ತಿತ್ತು, ಈಗ ಕಪಾಟಿನಲ್ಲಿದೆ.

ಕಳೆದ ವರ್ಷ ಒಬ್ಬರು ಅಜ್ಜ ಬಂದರು. ಎಡಗೆನ್ನೆಯ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಆಪರೇಷನ್ ಆಗಿ ಏಳು ವರ್ಷ. ನಾಲಗೆಯ ಬಲ ಅಂಚಿನ ಅಡಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಕೆಂಪು. ನೋವಿಲ್ಲ. ಬಾಯಿ ಮುಕ್ಕಳಿಸಿದರೂ ಶಾಯಿ ಬಿದ್ದ ಹಾಗೆ ಕಡುನೀಲಿ ಉಳಿಯಿತು. ಎರಡು ವಾರದ ಮೇಲೂ ಅಷ್ಟೇ. ಬಯಾಪ್ಸಿಯಲ್ಲಿ ಸ್ಕ್ವೇಮಸ್ ಸೆಲ್, ಅಂದರೆ ಬಾಯಿಯ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್.

"ಹಳೆಯದೇ ತಿರುಗಿ ಬಂದದ್ದು, ಇನ್ನು ಪ್ರಯೋಜನ ಇಲ್ಲ" ಎಂದರು ಒಬ್ಬ ಡಾಕ್ಟರು. ಮನೆಯವರು ಕೈಚೆಲ್ಲಿ ಕೂತರು. ನಾನು ಒಪ್ಪಲಿಲ್ಲ. ಇದು ಇನ್ನೊಂದು ಬದಿ, ನಡುವೆ ಪೂರ್ತಿ ಒಳ್ಳೆಯ ಪೊರೆ, ಮೇಲಾಗಿ ಏಳು ವರ್ಷ. ಒಬ್ಬರಲ್ಲೇ ಕಂಡ ಎರಡು ಕ್ಯಾನ್ಸರ್ ಬೇರೆ ಬೇರೆಯೇ ಎಂದು ತಿಳಿಯಲು 1932ರಲ್ಲಿ ವಾರೆನ್ ಮತ್ತು ಗೇಟ್ಸ್ ಎಂಬ ಸಂಶೋಧಕರು ಹೇಳಿದ ಲೆಕ್ಕದಲ್ಲೂ ಇದು ಬೇರೆ ಕ್ಯಾನ್ಸರೇ. ಹೊಸತು, ಸಣ್ಣದು, ತೆಗೆದರೆ ಗುಣವಾಗುವಂಥದ್ದು. ಫೋಟೋ ಇಟ್ಟು ಎರಡು ಪುಟ ಪತ್ರ ಬರೆದು ಇನ್ನೊಬ್ಬ ಸರ್ಜನ್ ಹತ್ತಿರ ಕಳಿಸಿದೆ. ಕುತ್ತಿಗೆಯ ಗಂಟುಗಳಲ್ಲಿ ಏನೂ ಇರಲಿಲ್ಲ. ಆಪರೇಷನ್ನಿಗೇ ಮುಗಿಯಿತು, ರೇಡಿಯೇಷನ್ ಬೇಕಾಗಲಿಲ್ಲ.

ಹೀಗೆ ಹಿಡಿದದ್ದು ಇದು ಮೂರನೆಯದು. ಒಂದು ಬಾಯಿಗೆ ಬಣ್ಣದ ಖರ್ಚು ಇಪ್ಪತ್ತು ರೂಪಾಯಿ ಒಳಗೆ. ನಾಲಗೆಯ ಸಂದಿಯಲ್ಲಿ ನಿಲ್ಲುವ ಬಣ್ಣ ತೆಗೆಯಲು ನನ್ನದೊಂದು ಉಪಾಯ ಇದೆ, ಕ್ಲಿನಿಕ್ಕಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಅಜ್ಜ ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಎಲೆಯಡಿಕೆ ಬಿಟ್ಟಿದ್ದಾರೆ. ಹೋದ ಸಲ ಪಕ್ಕದ ಮನೆಯವರನ್ನೂ ಕರೆದುಕೊಂಡು ಬಂದರು. "ಡಾಕ್ಟ್ರೇ, ಇವರಿಗೂ ಒಮ್ಮೆ ನೀಲಿ ಹಚ್ಚಿ ನೋಡಿ" ಎಂದರು.