ಹದಿನೆಂಟು ಕಂಪ್ಯೂಟರ್, ಒಂದು ಸರ್ವರ್: ವಾಲ್ಯೂಮ್ ಲೈಸೆನ್ಸ್ ಆಕ್ಟಿವೇಟ್ ಮಾಡೋದು ಹೇಗೆ?

ಸಣ್ಣ ಆಫೀಸುಗಳಲ್ಲಿ ವಿಂಡೋಸ್ ಲೈಸೆನ್ಸ್ ನೆನಪಾಗುವುದು ಯಾವಾಗ ಹೇಳಿ? ಪರದೆಯ ಬಲಗಡೆ ಕೆಳಮೂಲೆಯಲ್ಲಿ 'ಆಕ್ಟಿವೇಟ್ ವಿಂಡೋಸ್' ಅಂತ ಮಂಕು ಅಕ್ಷರ ಬಂದಾಗ. ಆಗ ಯಾರೋ ಒಬ್ಬರು ಯೂಟ್ಯೂಬ್ ನೋಡಿ ಒಂದು ಕಮಾಂಡ್ ಹೊಡೆಯುತ್ತಾರೆ, ಅಕ್ಷರ ಮಾಯ ಆಗುತ್ತದೆ, ಆರು ತಿಂಗಳಿಗೆ ಮತ್ತೆ ಬರುತ್ತದೆ. ಆ ಆರು ತಿಂಗಳಿಗೂ ಒಂದು ಕಾರಣ ಇದೆ, ಮುಂದೆ ಬರುತ್ತದೆ.

ಈ ಲೇಖನ ಹತ್ತರಿಂದ ಇಪ್ಪತ್ತು ಕಂಪ್ಯೂಟರ್, ಒಂದು ಸರ್ವರ್ ಇಟ್ಟುಕೊಂಡಿರುವ ಆಡಿಟರ್ ಆಫೀಸು, ಕ್ಲಿನಿಕ್, ಗಾರ್ಮೆಂಟ್ ಯೂನಿಟ್‌ನಂಥ ಕಡೆ ಕೆಲಸ ಮಾಡುವವರಿಗೆ. ಲೆಕ್ಕಕ್ಕೆ ಹದಿನೆಂಟು ಅಂತ ಇಟ್ಟುಕೊಳ್ಳೋಣ. ವಾಲ್ಯೂಮ್ ಲೈಸೆನ್ಸ್ ಅಂದರೆ ಹಲವು ಕಂಪ್ಯೂಟರಿಗೆ ಒಟ್ಟಿಗೆ ಕೊಳ್ಳುವ ಲೈಸೆನ್ಸ್. ಒಂದು ಮಾತು: ಇಲ್ಲಿ ಕಮಾಂಡುಗಳು ಕನ್ನಡ ಅಕ್ಷರದಲ್ಲಿವೆ. ಟೈಪ್ ಮಾಡುವಾಗ ಅದೇ ಅಕ್ಷರಗಳನ್ನು ಇಂಗ್ಲಿಷ್‌ನಲ್ಲಿ ಒಂದೊಂದಾಗಿ ಹೊಡೆಯಿರಿ. ಮತ್ತು ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ಇಲ್ಲದಿದ್ದರೆ 'ಆಕ್ಸೆಸ್ ಡಿನೈಡ್' ಬರುತ್ತದೆ, ನೀವು ಕೀ ಸರಿ ಇಲ್ಲ ಅಂದುಕೊಳ್ಳುತ್ತೀರಿ.

ಮೊದಲು ಇರೋದೇನು ನೋಡಿ

ಪ್ರತಿ ಕಂಪ್ಯೂಟರ್‌ನಲ್ಲೂ 'ಎಸ್‌ಎಲ್‌ಎಂಜಿಆರ್ /ಡಿಎಲ್‌ವಿ' ಅಂತ ಕೊಡಿ. ಸಣ್ಣದೊಂದು ಕಿಟಕಿ ತೆರೆದು ಹತ್ತಿಪ್ಪತ್ತು ಸಾಲು ತೋರಿಸುತ್ತದೆ. ಎಲ್ಲ ಓದಬೇಕಿಲ್ಲ. 'ಪ್ರಾಡಕ್ಟ್ ಕೀ ಚಾನೆಲ್' ಅನ್ನುವ ಸಾಲು ನೋಡಿ. ಅಲ್ಲಿ ಓಇಎಂ ಅಂತಿದ್ದರೆ ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್. ರಿಟೇಲ್ ಅಂತಿದ್ದರೆ ಬಿಡಿಯಾಗಿ ಕೊಂಡದ್ದು. ವಾಲ್ಯೂಮ್ ಅಂತ ಶುರುವಾಗಿ ಎಂಎಕೆ (ಹಲವು ಕಂಪ್ಯೂಟರಿಗೆ ಬಳಸುವ ಒಂದೇ ಕೀ) ಅಥವಾ ಜಿವಿಎಲ್‌ಕೆ (ಒಪ್ಪಿಗೆಯನ್ನು ಆಫೀಸಿನ ಒಳಗೇ ಹುಡುಕುವ ಮಾಮೂಲಿ ಕೀ) ಅಂತ ಮುಗಿದರೆ ಮಾತ್ರ ಅದು ನಮ್ಮ ಇವತ್ತಿನ ವಿಷಯ. ಅದರ ಹತ್ತಿರವೇ ಕೀಯ ಕೊನೆಯ ಐದು ಅಕ್ಷರ ಕಾಣುತ್ತವೆ, ಅದನ್ನೂ ಬರೆದಿಟ್ಟುಕೊಳ್ಳಿ.

ಇಲ್ಲಿ ಎಷ್ಟೋ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಓಇಎಂ ವಿಂಡೋಸ್ ಪ್ರೊ ಇದ್ದು, ಆಕ್ಟಿವೇಟ್ ಕೂಡ ಆಗಿದ್ದರೆ ಆ ಕಂಪ್ಯೂಟರನ್ನು ಮುಟ್ಟಬೇಡಿ. ಅದು ಡೊಮೇನ್‌ಗೂ (ಸರ್ವರ್‌ನಿಂದ ಒಟ್ಟಿಗೆ ನಿಭಾಯಿಸುವ ಕಂಪ್ಯೂಟರುಗಳ ಗುಂಪು) ಸೇರುತ್ತದೆ, ಕೆಲಸವೂ ಮಾಡುತ್ತದೆ. ಡೆಸ್ಕ್‌ಟಾಪ್ ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಬರೀ ಅಪ್‌ಗ್ರೇಡ್ ಲೈಸೆನ್ಸ್. ಅದರ ಅಡಿಯಲ್ಲಿ ಪ್ರೊ ಥರದ ಒಂದು ಅರ್ಹ ಲೈಸೆನ್ಸ್ ಮೊದಲೇ ಇರಬೇಕು. ಹೋಮ್ ಎಡಿಷನ್ ಬಂದ ಅಗ್ಗದ ಲ್ಯಾಪ್‌ಟಾಪ್ ಮೇಲೆ ವಾಲ್ಯೂಮ್ ಕೀ ಹೇಗೋ ಕೂತರೂ ಕಾಗದದ ಪ್ರಕಾರ ಅದು ಲೈಸೆನ್ಸ್ ಆಗಲ್ಲ. ಹಾಗಾಗಿ ಬಹಳಷ್ಟು ಸಣ್ಣ ಆಫೀಸಿಗೆ ನಿಜವಾಗಿ ವಾಲ್ಯೂಮ್ ಬೇಕಾಗುವುದು ಸರ್ವರ್‌ಗೆ ಮತ್ತು ಆಫೀಸ್ ಎಲ್‌ಟಿಎಸ್‌ಸಿಗೆ (ಚಂದಾ ಇಲ್ಲದೆ ಒಮ್ಮೆಗೇ ಕೊಳ್ಳುವ ವರ್ಡ್, ಎಕ್ಸೆಲ್).

ಅದೇ ಕಿಟಕಿಯಲ್ಲಿ 'ಕೆಎಂಎಸ್ ಮಷೀನ್ ನೇಮ್' ಅಂತ ಇನ್ನೊಂದು ಸಾಲು ಇರಬಹುದು, ಆಕ್ಟಿವೇಷನ್‌ಗೆ ಒಪ್ಪಿಗೆ ಕೊಡುವ ಸರ್ವರ್‌ನ ಹೆಸರು ಅದು. ಅಲ್ಲಿ ನಿಮ್ಮ ಸರ್ವರ್ ಹೆಸರಿನ ಬದಲು ಯಾವುದೋ ಗೊತ್ತಿಲ್ಲದ ವೆಬ್ ವಿಳಾಸವೋ, ನಿಮ್ಮ ನೆಟ್‌ವರ್ಕ್‌ನಲ್ಲೇ ಇಲ್ಲದ ಐಪಿಯೋ ಕಂಡರೆ, ಹಿಂದೆ ಯಾರೋ ಕಳ್ಳ ಆಕ್ಟಿವೇಟರ್ ಓಡಿಸಿದ್ದಾರೆ ಅಂತಲೇ ತಿಳಿಯಿರಿ. ಇಂಥ ಟೂಲ್ ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ ಅಲ್ವಾ, ಆಮೇಲೆ ಅದರ ಜೊತೆ ಏನೇನು ಒಳಗೆ ಬಂತು ಅಂತ ಯಾರಿಗೂ ಗೊತ್ತಿರಲ್ಲ. ಬರೀ ಅನ್‌ಇನ್‌ಸ್ಟಾಲ್ ಸಾಲದು. ಡೇಟಾ ಬ್ಯಾಕಪ್ ತೆಗೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ. ಕಾನೂನಿನ ಮಾತೂ ಇದೆ: ಕಾಪಿರೈಟ್ ಕಾಯ್ದೆ 1957ರ 63ಬಿ ಸೆಕ್ಷನ್ ಪ್ರಕಾರ ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಗಳೂ ಅನುಮಾನದವೇ. ಎಷ್ಟೋ ಸಲ ಅದು ಬೇರೆ ಯಾವುದೋ ಕಂಪನಿಯಿಂದ ಸೋರಿದ ಎಂಎಕೆ.

ಮೂರು ದಾರಿ, ನಿಮಗೆ ಯಾವುದು?

ಮೈಕ್ರೋಸಾಫ್ಟ್ ಮೂರು ವಿಧಾನ ಕೊಟ್ಟಿದೆ: ಕೆಎಂಎಸ್, ಎಂಎಕೆ, ಮತ್ತೆ ಆಕ್ಟಿವ್ ಡೈರೆಕ್ಟರಿ (ಡೊಮೇನ್‌ನ ಯೂಸರ್, ಕಂಪ್ಯೂಟರುಗಳ ಪಟ್ಟಿ) ಮೂಲಕ ಆಗುವ ಆಕ್ಟಿವೇಷನ್. ಇಂಟರ್ನೆಟ್ ತುಂಬ ಸಿಗುವುದು ಕೆಎಂಎಸ್ ಬಗ್ಗೆ. ಸಣ್ಣ ಆಫೀಸಿಗೆ ಹೊಂದದೇ ಇರೋದೂ ಅದೇ.

ಕೆಎಂಎಸ್ ಅಂದರೆ ನಿಮ್ಮದೇ ಒಂದು ಸರ್ವರ್ ಮೈಕ್ರೋಸಾಫ್ಟ್ ಪರವಾಗಿ ಆಫೀಸಿನ ಉಳಿದ ಕಂಪ್ಯೂಟರುಗಳಿಗೆ ಒಪ್ಪಿಗೆ ಕೊಡುತ್ತದೆ. ಆ ಸರ್ವರನ್ನೇ ಹೋಸ್ಟ್ ಅನ್ನುವುದು. ಆದರೆ ಅದು ಚೀಟಿ ಗುಂಪಿನ ಹಾಗೆ, ಇಷ್ಟು ಜನ ಸೇರದೆ ಶುರುವಾಗಲ್ಲ. ಡೆಸ್ಕ್‌ಟಾಪ್ ವಿಂಡೋಸ್ ಆಕ್ಟಿವೇಟ್ ಆಗಬೇಕಾದರೆ ಕನಿಷ್ಠ 25 ಯಂತ್ರ ಅದನ್ನು ಸಂಪರ್ಕಿಸಿರಬೇಕು. ಸರ್ವರ್ ವಿಂಡೋಸ್‌ಗೆ 5, ಆಫೀಸ್ ಸಾಫ್ಟ್‌ವೇರ್‌ಗೆ ಅದರದೇ ಬೇರೆ ಲೆಕ್ಕದಲ್ಲಿ 5. ಹದಿನೆಂಟು ಕಂಪ್ಯೂಟರ್ ಇರುವಲ್ಲಿ ಏನಾಗುತ್ತದೆ ನೋಡಿ: ವರ್ಡ್, ಎಕ್ಸೆಲ್ ಆಕ್ಟಿವೇಟ್ ಆಗುತ್ತವೆ, ವಿಂಡೋಸ್ ಮಾತ್ರ ಎಫ್038 ಅಂತ ಮುಗಿಯುವ ಎರರ್ ಕೊಡುತ್ತದೆ. ಕೀ ತಪ್ಪು, ಫೈರ್‌ವಾಲ್ ತಪ್ಪು ಅಂತ ಇಡೀ ದಿನ ಹುಡುಕಿದರೂ ಸಿಗಲ್ಲ. ತಪ್ಪೇ ಇಲ್ಲ, ತಲೆ ಎಣಿಕೆ ಸಾಲದು ಅಷ್ಟೆ.

25 ದಾಟಿದವರಿಗೂ ಅದು ಪೂರ್ತಿ ನೆಮ್ಮದಿ ಅಲ್ಲ. 30 ದಿನ ಮುಖ ತೋರಿಸದ ಯಂತ್ರ ಲೆಕ್ಕದಿಂದ ಬಿದ್ದುಹೋಗುತ್ತದೆ. ಒಮ್ಮೆ ಆದ ಆಕ್ಟಿವೇಷನ್ 180 ದಿನ ಇರುತ್ತದೆ, ಏಳು ದಿನಕ್ಕೊಮ್ಮೆ ತಾನೇ ನವೀಕರಿಸಲು ನೋಡುತ್ತದೆ. ಆರು ತಿಂಗಳಿಗೆ ಮತ್ತೆ ಅಕ್ಷರ ಬರುವುದು ಇದಕ್ಕೇ.

ನನ್ನ ಅಭಿಪ್ರಾಯ ನೇರ: ಆಫೀಸಿನಲ್ಲಿ ಡೊಮೇನ್ ಇದ್ದರೆ ಆಕ್ಟಿವ್ ಡೈರೆಕ್ಟರಿ ದಾರಿ ಹಿಡಿಯಿರಿ. ಇಲ್ಲದಿದ್ದರೆ ಎಂಎಕೆ. ಕೆಎಂಎಸ್ ಹೋಸ್ಟ್ ಕಟ್ಟಲು ಹೋಗಬೇಡಿ.

ಡೊಮೇನ್ ಇದ್ದರೆ

ಈ ವಿಧಾನದಲ್ಲಿ ತಲೆ ಎಣಿಕೆ ಇಲ್ಲ. ಒಂದೇ ಕಂಪ್ಯೂಟರ್ ಇದ್ದರೂ ಆಗುತ್ತದೆ. ಡೊಮೇನ್‌ನ ಸ್ಕೀಮಾ (ಡೈರೆಕ್ಟರಿಯ ಒಳವಿನ್ಯಾಸ) ವಿಂಡೋಸ್ ಸರ್ವರ್ 2012ರ ಮಟ್ಟದಲ್ಲಾದರೂ ಇರಬೇಕು, ಕಂಪ್ಯೂಟರುಗಳಲ್ಲಿ ವಿಂಡೋಸ್ 8 ಅಥವಾ ಹೊಸದು, ಆಫೀಸ್ ಆದರೆ 2013 ಅಥವಾ ಹೊಸದು.

ಮೊದಲು ಕೀ. ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರ್‌ನಲ್ಲಿ ವಾಲ್ಯೂಮ್ ಲೈಸೆನ್ಸಿಂಗ್ ಭಾಗಕ್ಕೆ ಹೋಗಿ ನಿಮ್ಮ ಕೀ ಪಟ್ಟಿ ನೋಡಿ. ಇಲ್ಲಿ ಬೇಕಾಗಿರುವುದು ಕೆಎಂಎಸ್ ಹೋಸ್ಟ್ ಕೀ. ಹೌದು, ಕೆಎಂಎಸ್ ಬೇಡ ಅಂದೆ, ಆದರೆ ಕೀ ಅದೇ ಬಳಕೆಯಾಗುತ್ತದೆ. ಪಟ್ಟಿಯಲ್ಲಿ ಅದು ಕಾಣದೆ ಬರೀ ಎಂಎಕೆ ಇದ್ದರೆ ನಿಮಗೆ ಲೈಸೆನ್ಸ್ ಮಾರಿದವರನ್ನೇ ಕೇಳಿ.

ಸರ್ವರ್ ಮ್ಯಾನೇಜರ್ ತೆರೆದು 'ವಾಲ್ಯೂಮ್ ಆಕ್ಟಿವೇಷನ್ ಸರ್ವಿಸಸ್' ಅನ್ನುವ ರೋಲ್ ಸೇರಿಸಿ. ಆಮೇಲೆ ಟೂಲ್ಸ್ ಮೆನುವಿನಲ್ಲಿ 'ವಾಲ್ಯೂಮ್ ಆಕ್ಟಿವೇಷನ್ ಟೂಲ್ಸ್' ಬರುತ್ತದೆ. ಅದನ್ನು ಒತ್ತಿದರೆ ಮೊದಲ ಪ್ರಶ್ನೆಯೇ ಯಾವ ವಿಧಾನ ಅಂತ. ಅಲ್ಲಿ ಆಕ್ಟಿವ್ ಡೈರೆಕ್ಟರಿ ಆರಿಸಿ. ಎಂಟರ್‌ಪ್ರೈಸ್ ಅಡ್ಮಿನ್ ಗುಂಪಿನ ಅಕೌಂಟ್‌ನಲ್ಲಿ ಲಾಗಿನ್ ಆಗಿರಬೇಕು. ಕೀ ಹಾಕಿ, ಗುರುತು ಸಿಗುವಂಥ ಹೆಸರು ಕೊಡಿ. ಇಂಟರ್ನೆಟ್ ಇದ್ದರೆ ಆನ್‌ಲೈನ್ ಆರಿಸಿ. ಕಮಿಟ್ ಒತ್ತಿದರೆ ಒಪ್ಪಿಗೆ ಡೈರೆಕ್ಟರಿಯ ಒಳಗೇ ಕೂರುತ್ತದೆ. ಆಮೇಲೆ ಬೇರೆ ಸರ್ವಿಸ್ ಓಡಬೇಕಿಲ್ಲ, ಪೋರ್ಟ್ ತೆರೆಯಬೇಕಿಲ್ಲ. ಎರಡು ಡೊಮೇನ್ ಕಂಟ್ರೋಲರ್ (ಡೈರೆಕ್ಟರಿ ಇಟ್ಟುಕೊಂಡ ಸರ್ವರ್) ಇದ್ದರೆ ಒಂದು ಕೆಟ್ಟರೂ ಇನ್ನೊಂದು ಉತ್ತರ ಕೊಡುತ್ತದೆ.

ಆಫೀಸ್‌ಗೂ ಇದೇ ಬೇಕಾದರೆ ಸರ್ವರ್ ಮೇಲೆ ಆಯಾ ವರ್ಷದ 'ಆಫೀಸ್ ವಾಲ್ಯೂಮ್ ಲೈಸೆನ್ಸ್ ಪ್ಯಾಕ್' ಇನ್‌ಸ್ಟಾಲ್ ಮಾಡಿ, ಆಫೀಸ್‌ನ ಕೀಯನ್ನು ಇದೇ ಥರ ಹಾಕಬೇಕು.

ಇನ್ನು ಕಂಪ್ಯೂಟರ್ ಕಡೆ. ವಾಲ್ಯೂಮ್ ಮೀಡಿಯಾದಿಂದ ವಿಂಡೋಸ್ ಹಾಕಿದ್ದರೆ ಜಿವಿಎಲ್‌ಕೆ ಆಗಲೇ ಒಳಗಿರುತ್ತದೆ. ಡೊಮೇನ್‌ಗೆ ಸೇರಿಸಿ ರೀಸ್ಟಾರ್ಟ್ ಮಾಡಿದರೆ ಸಾಕು. ಮೊದಲು ಎಂಎಕೆ ಇದ್ದರೆ ಆ ಎಡಿಷನ್ನಿನ ಜಿವಿಎಲ್‌ಕೆಯನ್ನು 'ಎಸ್‌ಎಲ್‌ಎಂಜಿಆರ್ /ಐಪಿಕೆ' ಅಂತ ಬರೆದು ಮುಂದೆ ಕೊಡಿ, ನಂತರ 'ಎಸ್‌ಎಲ್‌ಎಂಜಿಆರ್ /ಎಟಿಒ'. ಜಿವಿಎಲ್‌ಕೆ ಗುಟ್ಟಿನದಲ್ಲ, ಮೈಕ್ರೋಸಾಫ್ಟ್ ಸೈಟಿನಲ್ಲೇ ಎಲ್ಲರಿಗೂ ಕಾಣುವಂತೆ ಇದೆ. ಅದರಿಂದ ಲೈಸೆನ್ಸ್ ಬರಲ್ಲ, 'ಒಪ್ಪಿಗೆಯನ್ನು ಒಳಗೇ ಹುಡುಕು' ಅಂತ ವಿಂಡೋಸ್‌ಗೆ ಹೇಳುವುದಷ್ಟೇ ಅದರ ಕೆಲಸ.

ಇಲ್ಲೂ 180 ದಿನದ ಮಿತಿ ಇದೆ. ಆಫೀಸಿಗೆ ಬರುವ ಕಂಪ್ಯೂಟರ್‌ಗೆ ಅದು ಗೊತ್ತೇ ಆಗಲ್ಲ. ಆದರೆ ಬಳ್ಳಾರಿ ಕಡೆ ಸೈಟ್‌ನಲ್ಲೇ ವರ್ಷಗಟ್ಟಲೆ ಇರುವ ಎಂಜಿನಿಯರ್ ಲ್ಯಾಪ್‌ಟಾಪ್, ವಿಪಿಎನ್ ಕೂಡ ಇಲ್ಲ ಅಂದರೆ, ಅದಕ್ಕೆ ಎಂಎಕೆ ಕೊಟ್ಟುಬಿಡಿ.

ಡೊಮೇನ್ ಇಲ್ಲದಿದ್ದರೆ ಎಂಎಕೆ

ಒಂದೇ ಕೀ, ಎಲ್ಲ ಕಂಪ್ಯೂಟರಿಗೂ. ಪ್ರತಿಯೊಂದೂ ಒಮ್ಮೆ ನೇರವಾಗಿ ಮೈಕ್ರೋಸಾಫ್ಟ್ ಜೊತೆ ಮಾತಾಡಿ ಮುಗಿಸುತ್ತದೆ, ಆಮೇಲೆ ನವೀಕರಣದ ತಲೆನೋವಿಲ್ಲ. ಮೇಲೆ ಹೇಳಿದ ಎರಡೇ ಕಮಾಂಡ್: /ಐಪಿಕೆ, /ಎಟಿಒ. ಕೊನೆಗೆ 'ಎಸ್‌ಎಲ್‌ಎಂಜಿಆರ್ /ಎಕ್ಸ್‌ಪಿಆರ್' ಕೊಟ್ಟು ನೋಡಿ, ಶಾಶ್ವತವಾಗಿ ಆಕ್ಟಿವೇಟ್ ಆಗಿದೆ ಅಂತ ಬರಬೇಕು.

ಆಫೀಸ್‌ಗೆ ಬೇರೆ ಸ್ಕ್ರಿಪ್ಟ್. ಪ್ರೋಗ್ರಾಂ ಫೈಲ್ಸ್ ಒಳಗೆ ಮೈಕ್ರೋಸಾಫ್ಟ್ ಆಫೀಸ್, ಅದರೊಳಗೆ 'ಆಫೀಸ್16' ಫೋಲ್ಡರ್. 2019, 2021, 2024 ಯಾವುದಾದರೂ ಫೋಲ್ಡರ್ ಹೆಸರು 16ರಲ್ಲೇ ನಿಂತಿದೆ, ಗಾಬರಿ ಬೇಡ. ಅಲ್ಲಿಂದ 'ಸಿಸ್ಕ್ರಿಪ್ಟ್ ಒಎಸ್‌ಪಿಪಿ.ವಿಬಿಎಸ್ /ಡಿಸ್ಟೇಟಸ್' (cscript ospp.vbs /dstatus) ಕೊಟ್ಟರೆ ಸ್ಥಿತಿ ತೋರಿಸುತ್ತದೆ. ಕೊನೆಯ ಪದದ ಬದಲು, ಕೀ ಹಾಕಲು /ಇನ್‌ಪಿಕೀ: (/inpkey:) ಅಂತ ಬರೆದು ಮುಂದೆ ಕೀ, ಆಕ್ಟಿವೇಟ್ ಮಾಡಲು /ಆ್ಯಕ್ಟ್ (/act). ತಿಂಗಳ ಚಂದಾ ಕಟ್ಟುವ ಮೈಕ್ರೋಸಾಫ್ಟ್ 365 ಇದ್ದವರಿಗೆ ಇದ್ಯಾವುದೂ ಬೇಡ, ಲಾಗಿನ್ ಆದರೆ ಸಾಕು.

ಎಂಎಕೆಯ ತೊಂದರೆ ಒಂದೇ. ಪ್ರತಿ ಸಲ ಫಾರ್ಮ್ಯಾಟ್ ಮಾಡಿ ಮತ್ತೆ ಆಕ್ಟಿವೇಟ್ ಮಾಡಿದಾಗ ಆ ಕೀಗೆ ಉಳಿದಿರುವ ಆಕ್ಟಿವೇಷನ್ ಎಣಿಕೆ ಕಡಿಮೆಯಾಗುತ್ತದೆ, ವಾಪಸ್ ಬರಲ್ಲ. ರಿಪೇರಿಯವರು ಮದರ್‌ಬೋರ್ಡ್ ಬದಲಾಯಿಸಿದರೂ ಮತ್ತೆ ಕೇಳಬಹುದು. ಸಣ್ಣದಕ್ಕೆಲ್ಲ ಫಾರ್ಮ್ಯಾಟ್ ಹೊಡೆಯುವ ಅಭ್ಯಾಸ ಇರುವ ಆಫೀಸಿನಲ್ಲಿ ಇದು ಬೇಗ ಖಾಲಿಯಾಗುತ್ತದೆ. ಆಗ ಸಿ020 ಅಂತ ಮುಗಿಯುವ ಎರರ್ ಬರುತ್ತದೆ. ಮೈಕ್ರೋಸಾಫ್ಟ್‌ನ ಲೈಸೆನ್ಸ್ ಸಹಾಯವಾಣಿಗೆ ಕಾರಣ ಹೇಳಿ ಎಣಿಕೆ ಹೆಚ್ಚಿಸಲು ಕೇಳಬೇಕು. ಇದನ್ನು ತಪ್ಪಿಸಲು ವಿಎಎಂಟಿ ಅನ್ನುವ ಉಚಿತ ಟೂಲ್ ಇದೆ, ಮೈಕ್ರೋಸಾಫ್ಟ್‌ನ ವಿಂಡೋಸ್ ಎಡಿಕೆ ಅನ್ನುವ ಟೂಲ್ ಕಟ್ಟಿನ ಜೊತೆ ಬರುತ್ತದೆ. ಅದು ಪ್ರತಿ ಯಂತ್ರದ ಕನ್ಫರ್ಮೇಷನ್ ಐಡಿ (ಮೈಕ್ರೋಸಾಫ್ಟ್ ಕೊಟ್ಟ ಒಪ್ಪಿಗೆಯ ಸಂಖ್ಯೆ) ಉಳಿಸಿಟ್ಟುಕೊಂಡು, ಅದೇ ಹಾರ್ಡ್‌ವೇರ್ ಮೇಲೆ ಮತ್ತೆ ವಿಂಡೋಸ್ ಹಾಕಿದಾಗ ಎಣಿಕೆ ಕಳೆಯದೆ ಅದನ್ನೇ ಕೂರಿಸುತ್ತದೆ. ಇಂಟರ್ನೆಟ್ ಕೊಡದ ಕಂಪ್ಯೂಟರುಗಳ ಪರವಾಗಿಯೂ ಆಕ್ಟಿವೇಟ್ ಮಾಡುತ್ತದೆ. ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಬೇಕು ಅನ್ನೋದೊಂದು ಕಿರಿಕಿರಿ.

ಆಗಲೇ ಯಾರೋ ಕೆಎಂಎಸ್ ಕಟ್ಟಿಹೋಗಿದ್ದರೆ

ಹಳೇ ಕಂಪ್ಯೂಟರ್ ಹುಡುಗ ಕಟ್ಟಿಹೋದ ಕೆಎಂಎಸ್ ನಿಮ್ಮ ತಲೆಗೆ ಬಂದಿದ್ದರೆ ಎಫ್074 ಎರರ್ ನಿಮಗೆ ಪರಿಚಯ ಆಗಿಯೇ ಇರುತ್ತದೆ. ಹೋಸ್ಟ್ ಸಿಗುತ್ತಿಲ್ಲ ಅಂತ ಅರ್ಥ. ಸರ್ವರ್‌ನ ವಿಂಡೋಸ್ ಫೈರ್‌ವಾಲ್‌ನಲ್ಲಿ ಟಿಸಿಪಿ ಪೋರ್ಟ್ 1688 ತೆರೆದಿದೆಯಾ ನೋಡಿ. ಆಫೀಸಿನ ಒಳಗೆ ಮಾತ್ರ, ರೂಟರ್‌ನಲ್ಲಿ ಹೊರಗಿನವರಿಗೆ ತೆರೆಯಬೇಡಿ. ಕಂಪ್ಯೂಟರಿನ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವುದು) ನಿಮ್ಮ ಸರ್ವರನ್ನೇ ತೋರಿಸುತ್ತಿದೆಯಾ, ಇಲ್ಲಾ ಇಂಟರ್ನೆಟ್ ಕೊಡುವವರ ಡಿಎನ್‌ಎಸ್ ಕೂತಿದೆಯಾ ಅಂತಲೂ ನೋಡಿ. ಹಳೆಯ ವಿಳಾಸ ಕೈಯಾರೆ ಹಾಕಿದ್ದರೆ 'ಎಸ್‌ಎಲ್‌ಎಂಜಿಆರ್ /ಸಿಕೆಎಂಎಸ್' ಅದನ್ನು ಅಳಿಸುತ್ತದೆ.

ಎಫ್06ಸಿ ಬಂದರೆ ಗಡಿಯಾರ ನೋಡಿ. ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಸರ್ವರ್‌ನ ಸಿಮೋಸ್ ಬ್ಯಾಟರಿ ಸತ್ತಿದ್ದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಕಂಪ್ಯೂಟರಿಗೂ ಹೋಸ್ಟ್‌ಗೂ ನಾಲ್ಕು ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ಒಪ್ಪಲ್ಲ. ಬ್ಯಾಟರಿ ಬದಲಾಯಿಸಿ ಟೈಮ್ ಸರಿ ಮಾಡಿದರೆ ಮುಗೀತು.

ಮೂವತ್ತು ಕಂಪ್ಯೂಟರ್ ಇದ್ದೂ ಎಣಿಕೆ ಒಂದರಲ್ಲೇ ನಿಂತಿದ್ದರೆ, ಒಂದೇ ಡಿಸ್ಕ್ ಕ್ಲೋನ್ ಮಾಡಿ ಎಲ್ಲಕ್ಕೂ ಹಾಕಿದ್ದಾರೆ. /ಡಿಎಲ್‌ವಿಯಲ್ಲಿ 'ಕ್ಲೈಂಟ್ ಮಷೀನ್ ಐಡಿ' ಎಲ್ಲದರಲ್ಲೂ ಒಂದೇ ಕಾಣುತ್ತದೆ. 'ಎಸ್‌ಎಲ್‌ಎಂಜಿಆರ್ /ರೀಆರ್ಮ್' (rearm) ಕೊಟ್ಟು ರೀಸ್ಟಾರ್ಟ್ ಮಾಡಿದರೆ ಹೊಸ ಐಡಿ ಬರುತ್ತದೆ. ಈ ಕಮಾಂಡ್ ಕೆಲವೇ ಸಲ ನಡೆಯುತ್ತದೆ. ಮುಂದಿನ ಸಲ ಕ್ಲೋನ್ ಮಾಡುವ ಮೊದಲು ವಿಂಡೋಸ್‌ನ ಸಿಸ್‌ಪ್ರೆಪ್ ಟೂಲ್‌ನಲ್ಲಿ ಜನರಲೈಸ್ ಟಿಕ್ ಮಾಡಲು ಹೇಳಿ.

ಲೆಕ್ಕದ ಹಾಳೆ

ಕೀ ಕೂತಿತು, ಹಸಿರು ಟಿಕ್ ಬಂತು ಅಂದ ಮಾತ್ರಕ್ಕೆ ಲೈಸೆನ್ಸ್ ಸರಿ ಇದೆ ಅಂತಲ್ಲ. ಎಂಎಕೆಯ ಎಣಿಕೆ ಹಲವು ಸಲ ನೀವು ಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಆಕ್ಟಿವ್ ಡೈರೆಕ್ಟರಿಯಂತೂ ಎಣಿಸುವುದೇ ಇಲ್ಲ. ಹನ್ನೆರಡು ಕೊಂಡು ಹದಿನೆಂಟಕ್ಕೆ ಹಾಕಿದರೂ ಯಾರೂ ತಡೆಯಲ್ಲ, ಆಡಿಟ್ ಬಂದಾಗ ಗೊತ್ತಾಗುತ್ತದೆ. ಸರ್ವರ್ ಬಳಸುವವರಿಗೆ ಬೇಕಾದ ಸಿಎಎಲ್ ಲೈಸೆನ್ಸ್ ಕೂಡ ಹಾಗೇ. ಮಾಮೂಲಿ ವಿಂಡೋಸ್ ಸರ್ವರ್ ಸಿಎಎಲ್‌ಗೆ ಕೀ ಇಲ್ಲ, ಆಕ್ಟಿವೇಷನ್ ಇಲ್ಲ, ಕಾಗದದ ಮೇಲೆ ಇದ್ದರೆ ಇದೆ.

ಆದ್ದರಿಂದ ಒಂದು ಎಕ್ಸೆಲ್ ಹಾಳೆ ಇಡಿ. ಕಂಪ್ಯೂಟರ್ ಹೆಸರು, ಸೀರಿಯಲ್ ನಂಬರ್, ಚಾನೆಲ್, ಕೀಯ ಕೊನೆಯ ಐದು ಅಕ್ಷರ, ಆಕ್ಟಿವೇಟ್ ಆದ ದಿನ, ಯಾವ ಜಿಎಸ್‌ಟಿ ಬಿಲ್ಲಿನ ಮೇಲೆ ಬಂದದ್ದು. ಪೂರ್ತಿ ಕೀಯನ್ನು ಅದರಲ್ಲಿ ಬರೆಯಬೇಡಿ, ವಾಟ್ಸಾಪ್ ಗ್ರೂಪಿಗಂತೂ ಹಾಕಲೇಬೇಡಿ.

ಹಳೇ ಕಂಪ್ಯೂಟರ್ ಮಾರುವಾಗಲೂ ಈ ಹಾಳೆ ಬೇಕು. ಅದರಲ್ಲಿ ಎಂಎಕೆ ಇದ್ದರೆ ಮೊದಲು 'ಎಸ್‌ಎಲ್‌ಎಂಜಿಆರ್ /ಯುಪಿಕೆ', ಆಮೇಲೆ 'ಎಸ್‌ಎಲ್‌ಎಂಜಿಆರ್ /ಸಿಪಿಕೆವೈ' ಕೊಟ್ಟು ಕೀ ತೆಗೆಯಿರಿ, ಡೊಮೇನ್‌ನಿಂದ ಬಿಡಿಸಿ, ಡಿಸ್ಕ್ ಅಳಿಸಿ, ಹಾಳೆಯಲ್ಲಿ ಆ ಸಾಲಿನ ಮುಂದೆ ಮಾರಿದ ದಿನಾಂಕ ಹಾಕಿ.