ಮಾದರಿ ರೈಲಿಗೆ ಘಟ್ಟ ಮತ್ತು ಸುರಂಗ: ಕೈಗೆ ದಾರಿ ಮೊದಲು, ಗುಡ್ಡ ಆಮೇಲೆ

ಮನೆಯ ಮಾದರಿ ರೈಲಿಗೆ ಗುಡ್ಡ ಮಾಡಲು ಕೂತವರು ಹೆಚ್ಚಾಗಿ ಗುಡ್ಡದಿಂದಲೇ ಶುರು ಮಾಡುತ್ತಾರೆ. ಥರ್ಮಾಕೋಲ್ ಪೇರಿಸಿ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಳಿದು, ಹಸಿರು ಉದುರಿಸಿ ಮುಗಿಸುತ್ತಾರೆ. ಆಮೇಲೆ ಒಂದು ದಿನ ಒಳಗೆ ಬೋಗಿ ಹಳಿ ತಪ್ಪುತ್ತದೆ. ಕೈ ಒಳಗೆ ಹೋಗುವುದಿಲ್ಲ, ಗುಡ್ಡ ಒಡೆಯಬೇಕಾಗುತ್ತದೆ. ಕೆಲಸದ ಕ್ರಮ ಇದರ ತಿರುಗಾಮುರುಗಾ ಇರಬೇಕು: ಮೊದಲು ಕೈಗೆ ದಾರಿ, ಆಮೇಲೆ ಬೋಗಿ ತಿರುಗಲು ಜಾಗ, ಆಮೇಲೆ ಸುರಂಗದ ಬಾಯಿ, ಎಲ್ಲಕ್ಕಿಂತ ಕೊನೆಗೆ ಗುಡ್ಡ.

ಇಲ್ಲಿರುವ ಅಳತೆಗಳು ಎಚ್‌ಒ ಮಾದರಿಗೆ, ಅಂದರೆ ನಿಜದ ರೈಲಿನ 87ನೇ ಒಂದು ಪಾಲಿಗೆ (1:87) ಹೊಂದುತ್ತವೆ. ಎನ್ ಮಾದರಿ (1:160) ಇಟ್ಟುಕೊಂಡವರು ಇವನ್ನು 0.54ರಿಂದ ಗುಣಿಸಿಕೊಂಡರೆ ಸಾಕು.

ಘಟ್ಟದಲ್ಲಿ ಸುರಂಗ ಎಲ್ಲಿರುತ್ತದೆ

ಹುಬ್ಬಳ್ಳಿ-ಧಾರವಾಡದವರಿಗೆ ನೋಡಿ ಕಲಿಯಲು ಘಟ್ಟ ದೂರವಿಲ್ಲ. ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಇಳಿಯುವ ಹಾದಿಯಲ್ಲಿ ಕಿಟಕಿ ಪಕ್ಕ ಕೂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಳಿ ಇಡೀ ಬೆಟ್ಟವನ್ನು ಕೊರೆದು ಹೋಗುವುದಿಲ್ಲ. ಬೆಟ್ಟದ ಮಗ್ಗುಲಿಗೆ ಅಂಟಿಕೊಂಡೇ ಸಾಗುತ್ತದೆ: ಒಂದು ಕಡೆ ಕಡಿದ ಬಂಡೆ, ಇನ್ನೊಂದು ಕಡೆ ಕಣಿವೆ. ಬೆಟ್ಟದ ಚಾಚೊಂದು ಅಡ್ಡ ಬಂದಾಗ ಮಾತ್ರ ಅದನ್ನು ತೂರಿ ಆಚೆ ಹೋಗುತ್ತದೆ.

ಮನೆಯಲ್ಲೂ ಹಾಗೇ ಮಾಡಿ. ಹಲಗೆಯ ನಡುವೆ ಒಂಟಿ ಗುಡ್ಡ ಇಟ್ಟರೆ, ರೈಲು ಪಕ್ಕದಲ್ಲೇ ಸುತ್ತಿ ಹೋಗಬಹುದಿತ್ತಲ್ಲ ಎಂದು ನೋಡಿದವರಿಗೆ ಅನಿಸುತ್ತದೆ. ಹಿಂದಿನ ಅಂಚಿನಿಂದ ಹೊರಟು ಮುಂದಕ್ಕೆ ಚಾಚಿದ ಏಣು ಮಾಡಿ, ಅದರೊಳಗೆ ಸುರಂಗ ಹಾಯಿಸಿ. ಇದರಿಂದ ಇನ್ನೊಂದು ಲಾಭವಿದೆ: ಏಣಿನ ಹಿಂಬದಿ ಯಾರಿಗೂ ಕಾಣುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ತೆರೆದೇ ಇಡಬಹುದು, ಕೈ ಅಲ್ಲಿಂದ ಹೋಗುತ್ತದೆ.

ಎತ್ತರದ ವಿಷಯದಲ್ಲಿ ಆಸೆ ಬೇಡ. ಆ ಘಟ್ಟದ ಏರು 37ಕ್ಕೆ 1. ಅದೇ ಏರಿನಲ್ಲಿ ಹಳಿಯನ್ನು 100 ಮಿಮೀ ಎತ್ತಬೇಕಾದರೆ 3.7 ಮೀಟರ್ ಓಟ ಬೇಕು. ಎಂಟು ಅಡಿ ಪ್ಲೈವುಡ್ 2.4 ಮೀಟರ್‌ಗೇ ಮುಗಿಯುತ್ತದೆ. ಹಳಿ ಏರಿಸುವ ಬದಲು ನೆಲ ಇಳಿಸಿ. ಮೊದಲೇ ಇಡೀ ಹಳಿಯನ್ನು ಹಲಗೆಯಿಂದ 75 ಮಿಮೀ ಮೇಲಕ್ಕೆ, ಕಟ್ಟಿಗೆ ತುಂಡುಗಳ ಆಸರೆಯ ಮೇಲೆ ಸಮತಟ್ಟಾಗಿ ಹಾಸಿ. ಆಗ ಕೆಳಗೆ ಕಣಿವೆ ತಾನಾಗಿ ಸಿಗುತ್ತದೆ, ಎಂಜಿನ್ ಏದುಸಿರು ಬಿಡುವುದಿಲ್ಲ, ಹಳಿಯಿಂದ 250 ಮಿಮೀ ಎತ್ತರದ ಗುಡ್ಡವೂ ದೊಡ್ಡದಾಗಿಯೇ ಕಾಣುತ್ತದೆ.

ಕೈ, ಹಳಿ, ಬೋಗಿ

ನಿಂತ ಜಾಗದಿಂದ ಸುರಂಗದ ಅತಿ ದೂರದ ಬಿಂದು 600 ಮಿಮೀ ದಾಟಬಾರದು. ಹಲಗೆಯನ್ನು ಗೋಡೆಗೆ ತಾಗಿಸಿ ಇಟ್ಟಿದ್ದರೆ ಹಿಂದಿನಿಂದ ಕೈ ಹಾಕಲಾಗದು, ಗುಡ್ಡದ ಮೇಲ್ಭಾಗವನ್ನೇ ಎತ್ತಿ ತೆಗೆಯುವಂತೆ ಮಾಡಬೇಕು. ಅದರ ಅಂಚು ಬಯಲಿನಲ್ಲಿ ಬಂದರೆ ಎಷ್ಟು ಮುಚ್ಚಿದರೂ ಗೆರೆ ಕಾಣುತ್ತದೆ. ಬಂಡೆಯ ಬಿರುಕಿನ ಉದ್ದಕ್ಕೆ, ತಡೆಗೋಡೆಯ ನೆತ್ತಿಗೆ ಅಥವಾ ಪೊದೆಸಾಲಿನ ಹಿಂದೆ ಬರುವಂತೆ ಮೊದಲೇ ಗೆರೆ ಹಾಕಿಕೊಳ್ಳಿ.

ಸುರಂಗದೊಳಗೆ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಬೇಡ, ಸಾಧ್ಯವಾದರೆ ಹಳಿಯ ಜೋಡಣೆಯೂ ಬೇಡ. 914 ಮಿಮೀ ಉದ್ದದ, ಬೇಕಾದಂತೆ ಬಗ್ಗುವ ಫ್ಲೆಕ್ಸ್ ಹಳಿ ಬಳಸಿದರೆ ಚಿಕ್ಕ ಸುರಂಗ ಒಂದೇ ತುಂಡಿನಲ್ಲಿ ಮುಗಿಯುತ್ತದೆ. ಅದಕ್ಕೆ ಪ್ರತ್ಯೇಕ ಕರೆಂಟ್ ವೈರು ಬೆಸುಗೆ ಹಾಕಿ, ಇಕ್ಕೆಲದಲ್ಲಿ 15 ಮಿಮೀ ಎತ್ತರದ ರಟ್ಟಿನ ಗೋಡೆ ಅಂಟಿಸಿ. ಹಳಿ ತಪ್ಪಿದ ಬೋಗಿ ಕೆಳಗೆ ಬೀಳದೆ ಅಲ್ಲೇ ನಿಲ್ಲುತ್ತದೆ. ನಿಮ್ಮಲ್ಲಿರುವ ಅತಿ ಉದ್ದದ ಗಾಡಿಯನ್ನು ಮುಂದೆ ಎಳೆಸಿ, ಹಿಂದಕ್ಕೆ ತಳ್ಳಿಸಿ. ಎಳೆಯುವಾಗ ಸರಿಯಾಗಿ ಓಡುವ ಬೋಗಿಯೂ ತಳ್ಳುವಾಗ ತಿರುವಿನಲ್ಲಿ ಹೊರಬೀಳುವುದುಂಟು. ಇದು ಸರಿಹೋಗುವ ತನಕ ಪಿಒಪಿ ಚೀಲ ಬಿಚ್ಚಬೇಡಿ.

ಈಗ ಜಾಗದ ಲೆಕ್ಕ. ಭಾರತದ ಬ್ರಾಡ್‌ಗೇಜ್‌ನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್, ಎಚ್‌ಒದಲ್ಲಿ ಅದೇ 2 ಮೀಟರ್ ಆಗುತ್ತದೆ. ಮನೆಯಲ್ಲಿ ನಮಗೆ ಸಿಗುವುದು 450 ಮಿಮೀ. ನೋಡಲು ಒಪ್ಪದ ಈ ತಿರುವನ್ನು ಬಚ್ಚಿಡುವುದೇ ಸುರಂಗದ ದೊಡ್ಡ ಉಪಕಾರ. ಆದರೆ ಬೋಗಿ ಸವರುವುದೂ ಅಲ್ಲೇ. ಈಗಿನ ಪ್ರಯಾಣಿಕ ರೈಲುಗಳ ಎಲ್‌ಎಚ್‌ಬಿ ಬೋಗಿ 23.54 ಮೀಟರ್ ಉದ್ದ, 3.24 ಮೀಟರ್ ಅಗಲ. ಎರಡು ಗಾಲಿ ಚೌಕಟ್ಟುಗಳ ನಡುವೆ 14.9 ಮೀಟರ್. ಮಾದರಿಯಲ್ಲಿ ಇವು 271, 37 ಮತ್ತು 171 ಮಿಮೀ. 450 ಮಿಮೀ ತಿರುವಿನಲ್ಲಿ ಇಂಥ ಬೋಗಿಯ ಹೊಟ್ಟೆ 8 ಮಿಮೀ ಒಳಕ್ಕೆ ಬಾಗುತ್ತದೆ, ತುದಿಗಳು 12 ಮಿಮೀ ಹೊರಕ್ಕೆ ಚಾಚುತ್ತವೆ. ಅರ್ಧ ಅಗಲ 19, ಬಿಡುವು 5 ಎಂದು ಹಿಡಿದರೆ ಹಳಿಯ ನಡುಗೆರೆಯಿಂದ ಒಳಬದಿಗೆ 32, ಹೊರಬದಿಗೆ 36 ಮಿಮೀ ಬೇಕು. ಹಾಗಾಗಿ ತಿರುವಿನಲ್ಲಿ ಹಳಿ ಸುರಂಗದ ನಟ್ಟನಡುವೆ ಇರಬಾರದು, ಒಳಬದಿಗೆ ತುಸು ಸರಿದಿರಬೇಕು. ನೇರ ಹಳಿಗಾದರೆ ಒಟ್ಟು 50 ಮಿಮೀ ಅಗಲ ಸಾಕು.

ಲೆಕ್ಕ ಬೇಡವೆನ್ನುವವರು ಉದ್ದದ ಬೋಗಿಯ ಎರಡೂ ಬದಿಗೆ, ನಡುವೆ ಮತ್ತು ತುದಿಗಳಲ್ಲಿ, ಪೆನ್ಸಿಲ್ ಸೀಸದ ತುಂಡು ಟೇಪ್ ಹಾಕಿ ಕಟ್ಟಿ, ಹಳಿಯ ಪಕ್ಕ ಅದೇ ಎತ್ತರಕ್ಕೆ ರಟ್ಟು ಹಾಸಿ, ಬೋಗಿಯನ್ನು ಕೈಯಿಂದ ನೂಕಲಿ. ಬಿದ್ದ ಗೆರೆಯಿಂದ 5 ಮಿಮೀ ಆಚೆಗೆ ಗೋಡೆ.

ಎತ್ತರಕ್ಕೆ, ಹಳಿಯ ನೆತ್ತಿಯಿಂದ 60 ಮಿಮೀ ಸಾಕು. ಗೂಡ್ಸ್ ಎಳೆಯುವ ಡಬ್ಲ್ಯೂಡಿಜಿ-4 ಡೀಸೆಲ್ ಎಂಜಿನ್ನೇ 48 ಮಿಮೀ ಆಗುತ್ತದೆ. ವಿದ್ಯುತ್ ತಂತಿ ಹಾಯಿಸುವುದಾದರೆ 80 ಇಡಿ.

ಸುರಂಗದ ಬಾಯಿ

5 ಮಿಮೀ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಇದಕ್ಕೆ ಹೇಳಿ ಮಾಡಿಸಿದ ಸಾಮಾನು. ಜಾಹೀರಾತು ಫಲಕ ಮಾಡುವ ಅಂಗಡಿಗಳಲ್ಲಿ ಉಳಿದ ತುಂಡು ಅಗ್ಗಕ್ಕೆ ಸಿಗುತ್ತದೆ. ಕಮಾನು ಕತ್ತರಿಸಿ, ಮಸಿ ಮುಗಿದ ಬಾಲ್‌ಪೆನ್‌ನಿಂದ ಒತ್ತಿ ಕಲ್ಲಿನ ಸಂದು ಮೂಡಿಸಿ. ಗೋಡೆಯ ಕಲ್ಲು 5 x 3.5 ಮಿಮೀ ಇದ್ದರೆ ನಿಜದ 435 x 300 ಮಿಮೀ ಕಲ್ಲಿಗೆ ಸಮ. ಇದಕ್ಕಿಂತ ದೊಡ್ಡ ಕಲ್ಲು ಬಿಡಿಸಿದರೆ ಕಮಾನು ಆಟಿಕೆಯಂತೆ ಕಾಣುತ್ತದೆ. ಕಮಾನಿನ ಕಲ್ಲುಗಳು ಬೆಸಸಂಖ್ಯೆಯಲ್ಲಿರಲಿ, 15 ಅಥವಾ 17. ಆಗ ನೆತ್ತಿಯಲ್ಲಿ ಬೀಗದ ಕಲ್ಲು ಸರಿಯಾಗಿ ಕೂರುತ್ತದೆ. ಎರಡೂ ಪಕ್ಕಕ್ಕೆ ರೆಕ್ಕೆಗೋಡೆ, ಹಳಿ ಪಕ್ಕ ಸಣ್ಣ ಚರಂಡಿ, ಕಮಾನಿನ ಮೇಲೆ ನೀರು ಇಳಿದ ಕಪ್ಪು ಜಾಡು. ಈ ಮೂರಿದ್ದರೆ ಮಳೆನಾಡಿನ ಸುರಂಗ ಎಂದು ನಂಬಿಕೆ ಬರುತ್ತದೆ.

ಒಳಗೋಡೆ ಕಣ್ಣಿಗೆ ಕಾಣುವುದು ಮೊದಲ 200 ಮಿಮೀ ಮಾತ್ರ. ಅಷ್ಟಕ್ಕೆ ರಟ್ಟು ಬಗ್ಗಿಸಿ, ಹೊಳಪಿಲ್ಲದ ಕಪ್ಪು ಬಳಿದು ಕೂರಿಸಿ. ರಟ್ಟಿಗೆ ಎರಡೂ ಬದಿ ಬಣ್ಣ ಹಚ್ಚಲೇಬೇಕು. ಒಂದೇ ಬದಿ ಹಚ್ಚಿದರೆ ಪಿಒಪಿಯ ತೇವ ಹೀರಿ ಸೊಟ್ಟಗಾಗಿ ಬೋಗಿಗೆ ತಾಗುತ್ತದೆ. ಅದರಾಚೆ ಗೋಡೆ ಬೇಡ. ಹಿಂಬದಿಯ ತೆರವಿಗೆ ಕಪ್ಪು ಬಟ್ಟೆಯ ಪರದೆ ಇಳಿಬಿಟ್ಟರೆ ಬೆಳಕು ನುಗ್ಗುವುದಿಲ್ಲ.

ಗುಡ್ಡದ ಮೈ

ಅಡಿಗೆ ಥರ್ಮಾಕೋಲ್, ಮೇಲಕ್ಕೆ ರಟ್ಟಿನ ಪಟ್ಟಿಗಳ ಜಾಲರಿ. ಎತ್ತಿ ತೆಗೆಯುವ ಗುಡ್ಡಕ್ಕೆ ಈ ಜೋಡಿಯೇ ಹಗುರ. ಫ್ರಿಜ್, ಟಿವಿ ಪೆಟ್ಟಿಗೆಯೊಳಗಿನ ಥರ್ಮಾಕೋಲ್ ಧಾರಾಳ ಸಾಕು. ಚಾಕುವಿನಿಂದ ಕುಯ್ದರೆ ಬಿಳಿ ಕಾಳುಗಳು ಉದುರಿ ಎಂಜಿನ್ನಿನ ಹಲ್ಲುಗಾಲಿಗಳಿಗೆ ಸೇರುತ್ತವೆ. ಕುಯ್ಯುವ ಕೆಲಸ ಬೇರೆ ಕೋಣೆಯಲ್ಲಿರಲಿ. ಬಿಸಿತಂತಿಯಿಂದ ಕತ್ತರಿಸುವುದಾದರೆ ಹೊಗೆ ವಿಷಕಾರಿ, ಕಿಟಕಿ ಬಾಗಿಲು ತೆರೆದಿರಲಿ. ಸ್ಪ್ರೇ ಪೇಂಟ್, ಥಿನ್ನರ್, ರಬ್ಬರ್ ಅಂಟು ಇವು ಮೂರೂ ಥರ್ಮಾಕೋಲನ್ನು ಕರಗಿಸಿಬಿಡುತ್ತವೆ. ಬಿಳಿ ಫೆವಿಕಾಲೇ ಸರಿ. ಆದರೆ ಎರಡು ಹಾಳೆಗಳ ನಡುವೆ ಪೂರ್ತಿ ಬಳಿದರೆ ಗಾಳಿ ಸಿಗದೆ ವಾರವಾದರೂ ನಡುವೆ ಹಸಿ ಉಳಿಯುತ್ತದೆ. ಅಲ್ಲಲ್ಲಿ ಬೊಟ್ಟು ಇಟ್ಟು, ಉರಿದು ಉಳಿದ ಊದಿನಕಡ್ಡಿಯ ಬಿದಿರನ್ನು ಚುಚ್ಚಿ ಹಿಡಿಸಿ.

ಜಾಲರಿಗೆ 25 ಮಿಮೀ ಅಗಲದ ಪಟ್ಟಿ, ನಡುವೆ 60 ಮಿಮೀ ಸಂದು. ಮೈದಾ ಅಂಟು ಬಳಸಬೇಡಿ, ಇರುವೆ ಜಿರಲೆ ಇಲಿ ಮೂರಕ್ಕೂ ಅದು ಊಟ. ಟೊಳ್ಳು ಗುಡ್ಡ ಇಲಿಗೆ ಒಳ್ಳೆಯ ಮನೆಯೂ ಹೌದು, ತಳಕ್ಕೆ ಸಣ್ಣ ಕಣ್ಣಿನ ತಂತಿಜಾಲರಿ ಹೊಡೆಯಿರಿ.

ಅದರ ಮೇಲೆ ಔಷಧಿ ಅಂಗಡಿಯ ಪ್ಲಾಸ್ಟರ್ ಬ್ಯಾಂಡೇಜ್. 15 ಸೆಂಮೀ ಅಗಲ, 2.7 ಮೀಟರ್ ಉದ್ದದ ಸುರುಳಿ 0.4 ಚದರ ಮೀಟರ್ ಮುಚ್ಚುತ್ತದೆ. ಒಂದು ಚದರ ಮೀಟರ್ ಗುಡ್ಡಕ್ಕೆ ಎರಡು ಪದರ ಹಾಕಲು, ಅಂಚುಗಳು ಒಂದರ ಮೇಲೊಂದು ಬರುವುದೂ ಸೇರಿ, ಆರು ಸುರುಳಿ ಬೇಕು. ಹಳಿಗೆ ಮೊದಲು ಮಾಸ್ಕಿಂಗ್ ಟೇಪ್ ಹಚ್ಚಿ.

ಬಂಡೆಗೆ ಪಿಒಪಿ: 1 ಕೆಜಿಗೆ 600ರಿಂದ 650 ಮಿಲೀ ನೀರು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಹಿಂದಿನ ಸಲದ ಗಟ್ಟಿ ಚೂರು ಬಕೆಟ್ಟಿನಲ್ಲಿ ಉಳಿದಿದ್ದರೆ ಹೊಸದು ಕೈಯಲ್ಲಿರುವಾಗಲೇ ಬಿಗಿಯುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ್ದು ತೇವ ಎಳೆದುಕೊಂಡು ಪುಡಿಪುಡಿಯಾಗಿಯೇ ಉಳಿಯುತ್ತದೆ. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಬೇಡಿ, ಪೈಪಿನಲ್ಲೇ ಕಲ್ಲಾಗುತ್ತದೆ.

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ ಅರ್ಧ ಬಿಡಿಸಿ, 10 ಮಿಮೀ ದಪ್ಪ ಪಿಒಪಿ ಸುರಿಯಿರಿ. ಗಟ್ಟಿ ಮೊಸರಿನ ಹದಕ್ಕೆ ಬಂದಾಗ ಹಾಳೆ ಸಮೇತ ಗುಡ್ಡಕ್ಕೆ ಒತ್ತಿ, ಐದರಿಂದ ಹತ್ತು ನಿಮಿಷ ಹಿಡಿದು, ಹಾಳೆ ಸುಲಿಯಿರಿ. ಒತ್ತುವ ಮುಂಚೆ ಗುಡ್ಡಕ್ಕೆ ನೀರು ಚಿಮುಕಿಸಬೇಕು. ಒಣ ಮೈ ಪಿಒಪಿಯ ನೀರನ್ನು ಹೀರಿಬಿಟ್ಟರೆ ಬಂಡೆ ಒಂದು ವಾರದಲ್ಲಿ ಕಳಚಿ ಬೀಳುತ್ತದೆ. ಎಲ್ಲ ಬಂಡೆಗಳ ಪದರಗಳೂ ಒಂದೇ ಕಡೆಗೆ ವಾಲಿರಬೇಕು, ಇದನ್ನು ತಪ್ಪಿದರೆ ಎಂಥ ಬಣ್ಣವೂ ಗುಡ್ಡವನ್ನು ಉಳಿಸುವುದಿಲ್ಲ. ಭೂವಿಜ್ಞಾನಿಗಳು ಧಾರವಾಡದ ಹೆಸರಿಟ್ಟು ಕರೆಯುವ ಪದರುಗಲ್ಲುಗಳು ಹಲವೆಡೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಆ ಓರೆಯನ್ನೇ ಹಿಡಿದರೆ ನಮ್ಮ ಕಡೆಯ ಗುಡ್ಡವಾಗುತ್ತದೆ.

ಬಣ್ಣ, ಮಣ್ಣು, ಕಾಡು

ಬಂಡೆಗೆ ಗಟ್ಟಿ ಬಣ್ಣ ಬಳಿಯಬೇಡಿ. ಒಂದು ಚಮಚ ಅಕ್ರಿಲಿಕ್ ಬಣ್ಣಕ್ಕೆ ಹದಿನೈದು ಚಮಚ ನೀರು. ಮೊದಲು ಕಾವಿ ಬಣ್ಣವನ್ನೂ ಕಂದು ಬಣ್ಣವನ್ನೂ ಬೊಟ್ಟು ಬೊಟ್ಟಾಗಿ ಹಚ್ಚಿ, ಅದು ಹಸಿ ಇರುವಾಗಲೇ ಮೇಲಿಂದ ತೆಳು ಕಪ್ಪು ನೀರು ಇಳಿಸಿ. ಅದು ಸಂದುಗಳಲ್ಲಿ ನಿಲ್ಲುತ್ತದೆ. ಹಸಿಯಿದ್ದಾಗ ಕಾಣುವುದಕ್ಕಿಂತ ಒಣಗಿದ ಮೇಲೆ ತುಂಬ ತಿಳಿಯಾಗುತ್ತದೆ, ಆದ್ದರಿಂದ ಮರುದಿನ ನೋಡಿ ಎರಡನೇ ಸುತ್ತು. ಕೆಳಗೆ ಕಪ್ಪು ಬೂದು, ನೆತ್ತಿಗೆ ಜಂಬಿಟ್ಟಿಗೆಯ ತುಕ್ಕುಗೆಂಪು ಬಂದರೆ ಪಶ್ಚಿಮ ಘಟ್ಟದ ನೋಟ. ಗದಗಿನ ಕಪ್ಪತಗುಡ್ಡದ ಒಣ ನೋಟ ಬೇಕಾದವರು ಹಸಿರು ಕಡಿಮೆ ಮಾಡಿ, ಒಣಹುಲ್ಲಿನ ಹಳದಿ ಹೆಚ್ಚಿಸಲಿ.

ನೆಲಕ್ಕೆ ನಿಜ ಮಣ್ಣಿಗಿಂತ ಮೇಲಾದದ್ದಿಲ್ಲ. ಆದರೆ ಹೊಲದ ಎರಿ (ಕಪ್ಪು) ಮಣ್ಣು ತರಬೇಡಿ. ಫೆವಿಕಾಲ್ ನೀರು ಬಿದ್ದಾಗ ಉಬ್ಬಿ, ಒಣಗುವಾಗ ಕುಗ್ಗಿ, ಬೇಸಿಗೆಯ ಹೊಲದ ಹಾಗೆಯೇ ಬಿರುಕು ಬಿಡುತ್ತದೆ. ಮಸಾರಿ (ಕೆಂಪು) ಮಣ್ಣು ತನ್ನಿ. ಹಳೆಯ ಬಾಣಲೆಯಲ್ಲಿ ಹುರಿದು ಹುಳುಮೊಟ್ಟೆ ಕೊಂದು, ಚಹಾ ಸೋಸುವ ಜರಡಿಯಲ್ಲಿ ಸಾಣಿಸಿ, ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಿ. ಕಪ್ಪು ಪುಡಿ ಎಷ್ಟು ಅಂಟಿಕೊಳ್ಳುತ್ತದೆ ನೋಡಿ. ಆ ಕಬ್ಬಿಣದ ಕಣಗಳೇ ಹಳಿಪಕ್ಕದಿಂದ ಎದ್ದು ಎಂಜಿನ್ನಿನ ಮೋಟರ್ ಸೇರುವುದು. ಮಣ್ಣು ಉದುರಿಸಿದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬೆರೆಸಿದ ನೀರು ಸಿಂಪಡಿಸಿ, ಆಮೇಲೆ ಸಮಪಾಲು ನೀರು ಬೆರೆಸಿದ ಫೆವಿಕಾಲ್ ಹನಿಸಿ. ಸೋಪಿನ ನೀರಿಲ್ಲದಿದ್ದರೆ ಅಂಟು ಮೇಲೇ ಗುಂಡಾಗಿ ಉರುಳುತ್ತದೆ.

ಕಾಡಿನ ಲೆಕ್ಕ ಮೊದಲೇ ತಿಳಿದಿರಲಿ. 30 ಮಿಮೀ ಮರದ ತಲೆಗಳಿಂದ ಒಂದು ಚದರ ಮೀಟರ್ ಮುಚ್ಚಲು ಸುಮಾರು 1,100 ಬೇಕು. ಅರ್ಧ ಮೈ ಬಂಡೆಯಾಗಿರಲಿ, ಉಳಿದದ್ದಕ್ಕೆ ಗಾಢ ಹಸಿರು ಬಳಿದು ಸ್ಪಂಜಿನ ಪುಡಿ ಹಾಸಿ. ಹಾಸಿಗೆಯ ಸ್ಪಂಜನ್ನು ಚೂರು ಮಾಡಿ, ನೀರು ಹಾಕಿ ಹಳೆಯ ಮಿಕ್ಸಿ ಜಾರಿನಲ್ಲಿ ತಿರುವಿ, ಬಣ್ಣದಲ್ಲಿ ಅದ್ದಿ ಒಣಗಿಸಿದರೆ ಪುಡಿ ತಯಾರು. ಕನಿಷ್ಠ ಮೂರು ಹಸಿರು ಬೇಕು. ಕಾಂಡವಿರುವ ಮರ ಮುಂದಿನ ಸಾಲಿಗೆ ಮಾತ್ರ, ಗೋಣಿದಾರದ ಕಾಂಡಕ್ಕೆ 80ರಿಂದ 120 ಮಿಮೀ ಎತ್ತರ. ಮೇಲೆ ಹೋದಂತೆ 40ಕ್ಕೆ ಇಳಿಸಿದರೆ ಗುಡ್ಡ ದೂರವೆನಿಸುತ್ತದೆ.

ದೂಧಸಾಗರ ಬೇಕೆನ್ನುವ ಆಸೆ ಎಲ್ಲರಿಗೂ ಇರುತ್ತದೆ. 310 ಮೀಟರ್ ಜಲಪಾತ 1:87ರಲ್ಲಿ ಮೂರೂವರೆ ಮೀಟರ್ ದಾಟುತ್ತದೆ. ಸೇತುವೆಯ ಹಿಂದಿನ ಒಂದು ತುಂಡನ್ನಷ್ಟೇ ಮಾಡಿ: ಪಾಲಿಥೀನ್ ಹಾಳೆಯ ಮೇಲೆ ಪಾರದರ್ಶಕ ಸಿಲಿಕೋನ್ ಎಳೆಎಳೆಯಾಗಿ ಹಚ್ಚಿ, ಒಂದು ದಿನ ಬಿಟ್ಟು ಸುಲಿದು ಬಂಡೆಗೆ ಅಂಟಿಸಿ. ಅದರ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಬಿಳುಪು ಬೇಕಾದರೆ ಹಸಿ ಸಿಲಿಕೋನಿಗೇ ಬಿಳಿ ಸಿಲಿಕೋನ್ ಬೆರೆಸಿ.

ಮಳೆಗಾಲದಲ್ಲಿ ಗೋಣಿದಾರ, ಕಟ್ಟಿಗೆಪುಡಿಗೆ ಬೂಸ್ಟು ಬರುತ್ತದೆ. ಜೂನ್‌ಗಿಂತ ಮೊದಲೇ ಅಂಟಿನ ಕೆಲಸ ಮುಗಿಸಿ, ಆ ತಿಂಗಳುಗಳಲ್ಲಿ ಹಿಂಬದಿಯ ಪರದೆ ಎತ್ತಿ ಕಟ್ಟಿ ಗಾಳಿಯಾಡಿಸಿ. ಟೇಪ್ ಕಿತ್ತ ಮೇಲೆ ಸುರಂಗದೊಳಗಿನ ಹಳಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಅದೇ ಉದ್ದದ ಗಾಡಿಯನ್ನು ಮತ್ತೆ ಎರಡೂ ದಿಕ್ಕಿಗೆ ಓಡಿಸಿ. ಎಲ್ಲಾದರೂ ತಾಗಿದರೆ ಆ ಜಾಗದ ಪಿಒಪಿಯನ್ನು ಕಾನಸಿನಿಂದ ಉಜ್ಜಬೇಕು, ಹಳಿಯನ್ನು ಸರಿಸಬಾರದು.